ಮೂವತ್ತು ದೀಪಾವಳಿಗಳ ತೂಕ

ಸರಕಾರಕ್ಕೆ ಹೆದರಬೇಕಾದ ಕಾರಣ ನನಗೆ ಯಾವತ್ತೂ ಇರಲಿಲ್ಲ. ಆದರೂ ಹೆದರುತ್ತಲೇ ಬಂದಿದ್ದೇನೆ. ಅಂಚೆಯವ ಅಂಗಡಿಯ ಮುಂದೆ ನಿಂತರೆ ಯಾರು ತೀರಿಕೊಂಡರೋ ಎಂದು ಹೆದರುತ್ತೇನೆ. ನಿಲ್ಲದೆ ಹೋದರೆ, ತೀರಿಕೊಂಡ ಸುದ್ದಿಯ ಪತ್ರ ಎಲ್ಲಿ ಕಳೆಯಿತೋ ಎಂದು ಹೆದರುತ್ತೇನೆ. ಇಂಥ ನಾನು ಈ ಜನ್ಮದಲ್ಲಿ ಒಂದೇ ಒಂದು ಸಲ ಸರಕಾರದ ಆಜ್ಞೆ ಕೇಳಿ ಎದೆ ಉಬ್ಬಿಸಿದ್ದೆ. ಸುಮಾರು ಒಂದೂವರೆ ದಿನ ಉಬ್ಬಿಸಿಕೊಂಡಿದ್ದೆ.

ಯುದ್ಧಕ್ಕಿಂತ ಮೊದಲಿನ ಮಾತು ಇದು. ರೇಷನ್ ಚೀಟಿಯ ಹೆಸರನ್ನು ಹುಬ್ಬಳ್ಳಿ ಇನ್ನೂ ಕೇಳಿರಲಿಲ್ಲ. ನಮ್ಮದೊಂದು ಕಾಳಿನ ಅಂಗಡಿ. ಜೋಳ, ಕಡಲೆ, ತೊಗರಿ, ಜೊತೆಗೆ ಬೆಲ್ಲ. ಅಪ್ಪ ಹಾಕಿದ್ದು, ಅಪ್ಪ ಹೋದ ಮೇಲೆ ನಾನು ಕೂತದ್ದು. ಆಗಿನ ಕಾಲದಲ್ಲಿ ಸೇರು ಎಂದರೆ ಎಲ್ಲ ಕಡೆಗೂ ಒಂದೇ ಸೇರಲ್ಲ. ಒಬ್ಬನ ಹತ್ತಿರ ಹಳ್ಳದ ಗುಂಡುಕಲ್ಲು, ಇನ್ನೊಬ್ಬನ ಹತ್ತಿರ ಕುದುರೆಯ ಲಾಳಕ್ಕೆ ಕಟ್ಟಿದ ಎರಡು ಮೊಳೆ. ಓಣಿಯ ಹೆಂಗಸರಿಗೆ ಇದೆಲ್ಲ ಬಾಯಿಪಾಠ. "ಮೂಲಿ ಅಂಗಡಿ ಸೇರು ತಂದ್ರ ಆರು ಮಂದಿಗೆ ರೊಟ್ಟಿ, ಕೆರಿ ಕಡೆ ಅಂಗಡಿ ಸೇರು ತಂದ್ರ ಏಳು ಮಂದಿಗೆ" ಎಂದು ಲೆಕ್ಕ ಹಾಕಿ, ಮನೆಗೆ ಬರುವ ಬೀಗರನ್ನು ನೋಡಿ ಅಂಗಡಿ ಆರಿಸುತ್ತಿದ್ದರು. ಯಾರೂ ಸಿಟ್ಟಾಗುತ್ತಿರಲಿಲ್ಲ. ಮನುಷ್ಯರಲ್ಲಿ ಗಿಡ್ಡ, ಉದ್ದ ಇರುವಂತೆ ಸೇರಿನಲ್ಲೂ ಇರುತ್ತದೆ ಎಂದುಕೊಂಡು ಸುಖವಾಗಿದ್ದರು.

ನಮ್ಮ ಅಂಗಡಿಯ ಮಾತೇ ಬೇರೆ. ಅಪ್ಪನ ತೂಕದ ಕಲ್ಲುಗಳು ಕಬ್ಬಿಣದವು. ಕಬ್ಬಿಣದವಾದರೂ ನಮ್ಮ ಕಡೆ ಅವಕ್ಕೆ ಕಲ್ಲು ಎಂದೇ ಹೆಸರು. ಅವು ಓಣಿಯ ಹೈಕೋರ್ಟು. ಬೇರೆ ಕಡೆ ಕೊಂಡವರು ಅನುಮಾನ ಬಂದರೆ ಗಂಟು ಹಿಡಿದುಕೊಂಡು ನಮ್ಮಲ್ಲಿಗೆ ಬಂದು ತೂಗಿಸಿಕೊಂಡು ಹೋಗುತ್ತಿದ್ದರು. ಹೆಬ್ಬಳ್ಳಿಯ ರೈತ ಫಕೀರಪ್ಪ ದಾರಿಯಲ್ಲಿ ಹತ್ತು ಅಂಗಡಿ ದಾಟಿ ಜೋಳದ ಚಕ್ಕಡಿಯನ್ನು ನಮ್ಮ ಬಾಗಿಲಿಗೇ ತರುತ್ತಿದ್ದ. ನಾನು ತೂಗುವಾಗ ಅವನು ತಕ್ಕಡಿಯ ಕಡೆ ನೋಡುತ್ತಿರಲಿಲ್ಲ. ತನ್ನ ಎತ್ತುಗಳನ್ನು ನೋಡುತ್ತ ನಿಲ್ಲುತ್ತಿದ್ದ. ಅಪ್ಪ ನನಗೆ ಬಿಟ್ಟುಹೋದ ಆಸ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಕಳೆದರೆ ಮತ್ತೆ ಸಿಗುವಂಥದ್ದಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ದಿನಕ್ಕೆ ನಾಲ್ಕು ಸಲ ಕಾಳಜಿ ಮಾಡುತ್ತಿದ್ದೆ.

ಹೀಗಿರುವಾಗ ಡಂಗುರ ಬಂತು. ಇನ್ನು ಮುಂದೆ ಎಲ್ಲರ ಸೇರೂ ಒಂದೇ ಸೇರಾಗಬೇಕು. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಕಲ್ಲುಗಳನ್ನು ಶಾಲೆಯ ಬಯಲಿಗೆ ತಂದು, ಸಾಹೇಬರ ಮುಂದೆ ತೂಗಿಸಿ, ಸರಕಾರದ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಕಲ್ಲು ಇಟ್ಟವನ ಮೇಲೆ ಖಟ್ಲೆ. ನಮ್ಮ ಓಣಿಯ ಸರದಿ ಶುಕ್ರವಾರ ಹನ್ನೊಂದು ಗಂಟೆಗೆ.

ಓಣಿಗೆ ಓಣಿಯೇ ಬಿಳಿಚಿಕೊಂಡಿತು. ಲಾಳದವನು ಲಾಳ ಬಚ್ಚಿಟ್ಟ. ನಾನೊಬ್ಬ ಮಾತ್ರ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನಕ್ಕೆ. ಎದುರಿನ ಹುಸೇನ ಕಾಕಾ, ಬೀಗ ಮಾಡುವವನು, ಅಪ್ಪನ ಗೆಳೆಯ, ತನ್ನ ಅಂಗಡಿಯಿಂದಲೇ ಕೂಗಿ ಹೇಳಿದ: "ನಿನಗೇನ ಚಿಂತಿ ತಮ್ಮಾ? ಹಿತ್ತಾಳಿ ಚೂರು-ಮೋಡ್ಕಾ ತೂಗಾಕ ನಾ ಹೋದ ತಿಂಗಳ ಸರಕಾರಿ ಮುದ್ರಿ ಹಾಕಿದ ಕಲ್ಲು ತಂದೇನಿ. ನಿಮ್ಮಪ್ಪನ ಕಲ್ಲಿಗೆ ಹಚ್ಚಿ ನೋಡಿದೆ. ಕೂದಲಷ್ಟೂ ಫರಕ್ ಇಲ್ಲ."

ಇಲ್ಲಿಗೇ ಸುಮ್ಮನಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಕಲ್ಲುಗಳನ್ನು ಎತ್ತಿ ನೋಡಿದೆ. ಕಪ್ಪಗೆ ಅಂಟಂಟಾಗಿ, ಮಣ್ಣಿನಿಂದ ಅಗೆದು ತೆಗೆದ ಗೆಣಸಿನಂತೆ ಇದ್ದವು. ಪ್ರತಿ ದೀಪಾವಳಿಗೆ ಅಂಗಡಿಯ ಲಕ್ಷ್ಮೀಪೂಜೆಯಲ್ಲಿ ಅಪ್ಪ ಆ ಕಲ್ಲುಗಳಿಗೆ ಎಣ್ಣೆ, ಅರಿಷಿಣ, ಕುಂಕುಮ ಹಚ್ಚಿ, ಮೇಲೆ ವಿಭೂತಿ ಎಳೆಯುತ್ತಿದ್ದ. ಹಚ್ಚಿದ್ದನ್ನು ಒರೆಸುವ ಪದ್ಧತಿ ನಮ್ಮಲ್ಲಿಲ್ಲ, ಲಕ್ಷ್ಮಿಯನ್ನು ಒರೆಸಿದಂತಾಗುತ್ತದೆ. ಹೀಗೆ ಮೂವತ್ತು ವರ್ಷ. ಇಂಥ ರೂಪದಲ್ಲಿ ಇವನ್ನು ಸರಕಾರದ ಎದುರಿಗೆ ಒಯ್ಯುವುದೇ? ಸಾಹೇಬರು ಏನೆಂದುಕೊಂಡಾರು?

ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು ತೆಗೆದುಕೊಂಡು ಹಿತ್ತಲಿಗೆ ನಡೆದೆ. ನನ್ನ ಹೆಂಡತಿ ಗಂಗವ್ವ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಿದಳು.

"ಅಲ್ರೀ, ಅವನ್ನ ಯಾಕ ತಿಕ್ಕತೀರಿ?"

"ವರಾನ್ನ ಕನ್ಯಾ ನೋಡಾಕ ಕಳಸೂ ಮುಂದ ತಲೀಗೆ ನೀರು ಎರಕೊಂಡು ಹೋಗು ಅನ್ನೂದಿಲ್ಲೇನು?"

"ಅವು ಸಾಹೇಬನ ಮಗಳನ್ನ ಲಗ್ನ ಆಗಾಕ ಹೊಂಟಿಲ್ಲ. ಮಾವನವರು ಮೂವತ್ತು ವರ್ಷ ಮುಟ್ಟಲಿಲ್ಲ. ನೀವೂ ಮುಟ್ಟಬ್ಯಾಡ್ರಿ."

ಮುಟ್ಟಿದೆ. ಮುಟ್ಟಿದ್ದಷ್ಟೇ ಅಲ್ಲ, ಹಾಸುಗಲ್ಲಿನ ಮೇಲೆ ಹಾಕಿ ಸಂಜೆಯವರೆಗೆ ತಿಕ್ಕಿದೆ. ಅಡಿಕೆ ಹೋಳಿನಷ್ಟು ದಪ್ಪ ಚಕ್ಕೆಗಳು ಎದ್ದು ಬಂದವು. ಮೂಲೆಯಲ್ಲಿ ಉಳಿದದ್ದನ್ನು ಅರದಿಂದ ಉಜ್ಜಿದೆ. ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಕಲ್ಲುಗಳು ಹೊಸ ಬೀಗರ ಮನೆಯ ತಂಬಿಗೆಗಳಂತೆ ಹೊಳೆಯುತ್ತಿದ್ದವು. ಆ ರಾತ್ರಿ ನನ್ನಷ್ಟು ಸುಖವಾಗಿ ನಿದ್ದೆ ಮಾಡಿದ ವ್ಯಾಪಾರಿ ಹುಬ್ಬಳ್ಳಿಯಲ್ಲಿ ಇರಲಿಕ್ಕಿಲ್ಲ.

ಶುಕ್ರವಾರ ಬೆಳಿಗ್ಗೆ ಹುಸೇನ ಕಾಕಾನಿಗೆ ಹೊಳಪು ತೋರಿಸೋಣವೆಂದು ಒಯ್ದೆ. ಸಹಜ ಚಟದಿಂದ ಅವನು ತನ್ನ ಸರಕಾರಿ ಕಲ್ಲನ್ನು ತಕ್ಕಡಿಯ ಒಂದು ಪರಡಿಯಲ್ಲಿಟ್ಟು, ನನ್ನ ಸೇರನ್ನು ಇನ್ನೊಂದರಲ್ಲಿಟ್ಟ. ಸರಕಾರ ಕೆಳಗೆ ಹೋಯಿತು. ನಾನು ಮೇಲೆ ಹೋದೆ.

ಕಾಕಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. "ತಮ್ಮಾ, ಏನ ಮಾಡಿದಿ ಇದಕ್ಕ?"

"ತೊಳದೆ."

"ಎಷ್ಟು ತೊಳದಿ?"

ಆಗ ನನಗೆ ತಿಳಿಯಿತು. ಅಪ್ಪನ ಕೈಯಲ್ಲಿ ಕಬ್ಬಿಣ ಸವೆಯುತ್ತ ಹೋಗಿತ್ತು, ಲಕ್ಷ್ಮಿ ಅದನ್ನು ವರ್ಷ ವರ್ಷ ತುಂಬಿಕೊಡುತ್ತ ಬಂದಿದ್ದಳು. ನಮ್ಮ ಮನೆತನದ ಪ್ರಾಮಾಣಿಕತೆಯಲ್ಲಿ ಒಂದು ಭಾಗ ಕಬ್ಬಿಣ, ಒಂದು ಭಾಗ ಕುಂಕುಮ. ಕುಂಕುಮದ ಭಾಗವನ್ನು ನಾನು ಬಚ್ಚಲಿಗೆ ಬಿಟ್ಟಿದ್ದೆ.

"ಗಾಬರಿ ಆಗಬ್ಯಾಡ," ಎಂದ ಕಾಕಾ. "ತಳದಾಗ ಸೀಸಾ ಹೊಯ್ದು ಸರೀ ಮಾಡತೇನಿ. ಆದ್ರ ಇವತ್ತು ಜುಮ್ಮಾ. ನಮಾಜು ಮುಗಿಸಿ ಬಂದು ಕುಲುಮಿ ಹೊತ್ತಸ್ತೇನಿ. ಸಾಹೇಬಗ ಹೇಳಿ ಮಧ್ಯಾಹ್ನದ ಸರದಿ ತಗೋ."

ತಡವಾಗಿ ಹೋಗುವುದೇ! ತಡವಾಗಿ ಬಂದವನನ್ನು ಸರಕಾರ ಅನುಮಾನದಿಂದ ನೋಡುತ್ತದೆ ಎಂಬುದು ನನ್ನ ದೃಢ ನಂಬಿಕೆ. ಹನ್ನೊಂದು ಎಂದರೆ ಹನ್ನೊಂದು. ಮನೆಗೆ ಓಡಿ ಎಣ್ಣೆ, ಅರಿಷಿಣ, ಕುಂಕುಮದ ಭರಣಿಗಳನ್ನು ತಕ್ಕಡಿಯ ಮುಂದೆ ಸಾಲಾಗಿ ಇಟ್ಟುಕೊಂಡು ಕೂತೆ. ಗಂಗವ್ವ ಬಾಗಿಲಲ್ಲಿ ನಿಂತಳು.

"ಮೂವತ್ತು ವರ್ಷದ ದೀಪಾವಳಿ ಒಂದ ತಾಸಿನ್ಯಾಗ ಮಾಡತೀರೇನ್ರಿ?"

"ಬ್ಯಾರೆ ದಾರಿ ಇಲ್ಲ."

"ಖರೇ ಹೇಳಿಬಿಡೂದು ಒಂದು ದಾರಿ ಐತೆಲ್ಲ."

ಆ ದಾರಿ ನನಗೆ ಹೊಳೆದಿರಲಿಲ್ಲ. ಅವಳು ತೋರಿಸಿದ ಮೇಲೂ ಹಿಡಿಸಲಿಲ್ಲ. ಹಚ್ಚತೊಡಗಿದೆ. ಹಚ್ಚಿದ್ದು ನಿಲ್ಲಲಿಲ್ಲ, ಮೂವತ್ತು ವರ್ಷದ ಅಂಟು ಒಂದು ಮುಂಜಾನೆಯ ಎಣ್ಣೆಗೆ ಎಲ್ಲಿಂದ ಬರಬೇಕು? ಅಂಗಡಿಯಲ್ಲಿ ಬೆಲ್ಲವಿತ್ತು. ಪಾಕ ತೆಗೆದು ಕುಂಕುಮಕ್ಕೆ ಕಲಸಿದೆ. ಈಗ ಹಿಡಿಯಿತು. ಕಾಕಾನಿಂದ ಕಡ ತಂದ ಸರಕಾರಿ ಕಲ್ಲಿಗೆ ಎದುರಿಟ್ಟು, ಒಂದೊಂದು ಚಿಟಿಕೆ ದೀಪಾವಳಿ ಸೇರಿಸುತ್ತ, ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಬಳಿದೆ. ಮೋಸವಾಗಬಾರದೆಂದು ಕೊನೆಗೆ ಮಂಗಳಾರತಿಯನ್ನೂ ಮಾಡಿದೆ. ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಅಂಗಿ ಹಾಕಿಕೊಂಡು ಬಂದು, ಬಟ್ಟೆಯಲ್ಲಿ ಸುತ್ತಿ, ಹತ್ತೂವರೆಗೆಲ್ಲ ಶಾಲೆಯ ಬಯಲು ಮುಟ್ಟಿದೆ.

ಅಲ್ಲಿ ಜಾತ್ರೆಯಷ್ಟು ಜನ. ನನ್ನ ಸರದಿ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಅಷ್ಟರಲ್ಲಿ ಹುಸೇನ ಕಾಕಾ ನಮಾಜು ಮುಗಿಸಿ, ಕುಲುಮೆ ಹೊತ್ತಿಸಿ, ನನ್ನ ದಾರಿ ಕಾಯ್ದು, ಬೇಸತ್ತು ಅಲ್ಲಿಗೇ ಬಂದಿದ್ದ. ಹಿಂದೆ ಜನರ ಸಾಲಿನಲ್ಲಿ ಪಟಗ ಸುತ್ತಿದ ಫಕೀರಪ್ಪನ ತಲೆಯೂ ಕಂಡಿತು. ಸಂತೆಗೆ ಬಂದವನು, ಹೊಸ ಸೇರು ಹೇಗಿರುತ್ತದೆಂದು ನೋಡಲು ನಿಂತಿದ್ದ.

ಸಾಹೇಬರು ಧಾರವಾಡದ ಹುಡುಗ. ಬಿಳಿ ಪ್ಯಾಂಟು, ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ತಕ್ಕಡಿ, ಮಾತು ಕೆನೆಮೊಸರಿನಂತೆ. "ಬರ್ರಿ, ಕೂಡ್ರಿ, ಗಾಬರಿ ಆಗಬ್ಯಾಡ್ರಿ" ಎಂದರು. ಗಾಬರಿಯಾಗಲು ಇಷ್ಟು ಸಾಕು. ಬಟ್ಟೆ ಬಿಚ್ಚಿದೆ. ಅವರು ಸೇರಿನ ಕಲ್ಲನ್ನು ಎತ್ತಿಕೊಂಡರು. ಎತ್ತಿದ ಕೈ ಕೆಂಪಾಯಿತು. ಒರೆಸಿಕೊಂಡ ಪ್ಯಾಂಟೂ ಕೆಂಪಾಯಿತು.

"ಇದೇನ್ರಿ?"

"ಪೂಜಾ ಮಾಡಿದ್ದರಿ, ಸಾಹೇಬರ."

"ಇನ್ನೂ ಹಸೀ ಐತಲ್ಲ?"

"ಈಗ ಮುಂಜಾನೆ ಆತ್ರಿ."

"ಯಾವ ಹಬ್ಬದ್ದು?"

"ದೀಪಾವಳಿರಿ."

ಉಗಾದಿ ಆಗಿ ಆಗ ಎಂಟು ದಿನವಾಗಿತ್ತು.

ಸಾಹೇಬರು ಕಲ್ಲನ್ನು ತಕ್ಕಡಿಯಲ್ಲಿಟ್ಟರು. ಮುಳ್ಳು ಅಲುಗಿ ಅಲುಗಿ ನೆಟ್ಟಗೆ ನಿಂತಿತು. "ಬರೋಬರಿ ಐತಿ" ಎಂದು ಅವರು ಮುದ್ರೆಯ ಉಳಿಗೆ ಕೈ ಹಾಕಿದರು. ನಾನು ಮನಸ್ಸಿನಲ್ಲೇ ಅಪ್ಪನ ಕಾಲಿಗೆ ಬಿದ್ದೆ. ಏಳುವಷ್ಟರಲ್ಲಿ ಕಲ್ಲಿನ ಮೇಲಿಂದ ಒಂದು ಇರುವೆ ಇಳಿದು ಗಾಜಿನ ಪೆಟ್ಟಿಗೆಯೊಳಗೆ ತಿರುಗಾಡತೊಡಗಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಅವುಗಳ ಬಂಧುಬಳಗ. ಬೆಲ್ಲವನ್ನು ಬಿಸಿಲಿಗಿಟ್ಟರೆ ಏನಾಗುತ್ತದೆಂದು ಬೆಲ್ಲದ ವ್ಯಾಪಾರಿಗೆ ಗೊತ್ತಿರಬೇಕಾಗಿತ್ತು.

ಸಾಹೇಬರು ಉಗುರಿನಿಂದ ಒಂದು ಇರುವೆಯನ್ನು ಚಿಮ್ಮಿದರು. ಇರುವೆಯ ಜೊತೆಗೆ ಸುಮಾರು ಹದಿನೈದು ದೀಪಾವಳಿಗಳು ಒಂದೇ ಚಕ್ಕೆಯಾಗಿ ಕಳಚಿ ಬಿದ್ದವು. ಮುಳ್ಳು ವಾಲಿತು.

ಸಾಹೇಬರು ಬಿದ್ದ ತುಣುಕನ್ನು ಮೂಸಿ ನೋಡಿದರು. "ಬೆಲ್ಲ," ಎಂದರು, ಅದೇ ಕೆನೆಮೊಸರಿನ ದನಿಯಲ್ಲಿ. "ರೈತರ ಕಡೆ ಕಾಳು ಕೊಳ್ಳೂ ಮುಂದ ಇದನ್ನ ಹಚ್ಚೂದು, ಗಿರಾಕಿಗೆ ಮಾರೂ ಮುಂದ ತಗಿಯೂದು. ಹಿಂಗ ಮಾಡಾಕ ಬರತೈತೆಲ್ರಿ?"

ಅಷ್ಟು ವರ್ಷ ಅಂಗಡಿಯಲ್ಲಿ ಕೂತರೂ ಈ ಉಪಾಯ ನನಗೆ ತೋಚಿರಲಿಲ್ಲ. ಮೋಸದ ಮೊದಲ ಪಾಠ ನನಗೆ ಸರಕಾರದಿಂದಲೇ ಆಯಿತು. ಆದರೆ ಅದನ್ನು ಮೆಚ್ಚುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಿಂದೆ ತಿರುಗಿ ನೋಡಿದೆ. ಫಕೀರಪ್ಪ ತಕ್ಕಡಿಯನ್ನು ನೋಡುತ್ತಿದ್ದ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಕಣ್ಣು ಕೀಳದೆ ನೋಡುತ್ತಿದ್ದ.

ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಲಕ್ಷ್ಮಿ, ಹುಣಸೆಹಣ್ಣು, ಅರ, ಸರಕಾರದ ಮೇಲಿನ ನನ್ನ ಗೌರವ ಎಲ್ಲ ಒಂದೇ ಉಸಿರಿನಲ್ಲಿ ಬಂದವು. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಕಡಿಮೆಯಾಯಿತು. ಕೊನೆಗೆ ಹುಸೇನ ಕಾಕಾ ಮುಂದೆ ಬಂದ.

"ಸಾಹೇಬರ, ಇವರಪ್ಪ ಶಾಣ್ಯಾ ಮನಶ್ಯಾ. ಅಂವಾ ಮೋಸಾ ಮಾಡಬೇಕಂದಿದ್ರ ಮಾಡಬಹುದಿತ್ತು, ಮಾಡಲಿಲ್ಲ. ಇಂವನ ವಿಷಯದಾಗ ಆ ಮಾತ ಬರೂದಿಲ್ರಿ. ಮೊನ್ನಿ ತನಕ ಸರೀ ಇದ್ದ ಕಲ್ಲು. ನಿಮಗ ಚಂದ ಕಾಣಲಿ ಅಂತ ತಿಕ್ಕಿ ಕೆಡಿಸ್ಯಾನ."

ಸಾಹೇಬರು ನನ್ನನ್ನು ಬಹಳ ಹೊತ್ತು ನೋಡಿದರು. ಅವರು ಮೊದಲು ಕಲ್ಲನ್ನು ತೂಗಿದ್ದರು, ಈಗ ನನ್ನನ್ನು ತೂಗುತ್ತಿದ್ದರು. ಆಮೇಲೆ ದಫ್ತರದಲ್ಲಿ ಬರೆದು ಗಟ್ಟಿಯಾಗಿ ಓದಿದರು: "ಸದರಿ ವ್ಯಾಪಾರಿಯ ಕಲ್ಲುಗಳು ತೂಕಕ್ಕೆ ಕಡಿಮೆ. ವಿಚಾರಣೆ ಮಾಡಲಾಗಿ ಮೋಸದ ಉದ್ದೇಶ ಕಂಡುಬರಲಿಲ್ಲ. ತಿಳಿವಳಿಕೆಯ ಅಭಾವ ಕಂಡುಬಂದಿತು. ದುರಸ್ತಿ ಮಾಡಿಸಿ ಮತ್ತೆ ಹಾಜರುಪಡಿಸತಕ್ಕದ್ದು." ಕೆಳಗೆ ಸಹಿ ಮಾಡಲು ಹೇಳಿದರು. ಮಾಡಿದೆ. ನನ್ನ ದಡ್ಡತನ ಸರಕಾರಿ ದಾಖಲೆಯಲ್ಲಿ ನನ್ನ ಸ್ವಹಸ್ತದಿಂದಲೇ ಸೇರಿತು. ತಿರುಗಿ ನೋಡುವಷ್ಟರಲ್ಲಿ ಫಕೀರಪ್ಪ ಮಾತಾಡಿಸದೆ ಹೊರಟುಹೋಗಿದ್ದ.

ಕಾಕಾ ಸೀಸ ಹೊಯ್ದ. ಮುದ್ರೆ ಬಿತ್ತು. ಆ ವರ್ಷ ಮುಗಿಯುವ ಹೊತ್ತಿಗೆ ಲಾಳದವನೂ ಹೊಸ ಕಲ್ಲು ಕೊಂಡ, ಮೂಲೆಯ ಅಂಗಡಿಯ ಸೇರಿಗೂ ಏಳು ಮಂದಿಯ ರೊಟ್ಟಿಯಾಗತೊಡಗಿತು. ಗಂಟು ಹಿಡಿದುಕೊಂಡು ನಮ್ಮ ತಕ್ಕಡಿಗೆ ಬರುವವರು ನಿಂತರು. ಬರಬೇಕಾದ ಕಾರಣವೇ ಉಳಿದಿರಲಿಲ್ಲ. ನಮ್ಮಪ್ಪ ಜನ್ಮ ಸವೆಸಿ ಗಳಿಸಿದ ಹೆಸರನ್ನು ಸರಕಾರ ಒಂದು ಉಳಿ, ಒಂದು ಸುತ್ತಿಗೆಯಿಂದ ಎಲ್ಲರಿಗೂ ಸಮನಾಗಿ ಹಂಚಿಬಿಟ್ಟಿತ್ತು. ನ್ಯಾಯವೇ. ಆದರೂ ಮಧ್ಯಾಹ್ನದ ಹೊತ್ತು, "ಇದನ್ನೊಂಚೂರು ತೂಗಿ ನೋಡ್ರಿ" ಎಂದು ಕೂರುತ್ತಿದ್ದ ಮುದುಕಿಯರಿಲ್ಲದೆ ಕಟ್ಟೆ ಬಿಕೋ ಎನ್ನುತ್ತಿತ್ತು. ಅವರು ತೂಕಕ್ಕೆ ಬರುತ್ತಿದ್ದರೋ ಮಾತಿಗೆ ಬರುತ್ತಿದ್ದರೋ, ಈಗ ಯಾರನ್ನು ಕೇಳಲಿ?

ಮುಂದಿನ ಸುಗ್ಗಿಗೆ ಚಕ್ಕಡಿಗಳು ಬರತೊಡಗಿದವು. ಎಲ್ಲ ಅಂಗಡಿಯಲ್ಲೂ ಒಂದೇ ಸೇರು; ಹೆಬ್ಬಳ್ಳಿಯಿಂದ ಬಂದವನು ಮೊದಲ ಬಾಗಿಲಲ್ಲೇ ಇಳಿಸಬಹುದು. ನಾಲ್ಕು ದಿನ ರಸ್ತೆ ನೋಡಿದೆ, ಊಟ ಸೇರಲಿಲ್ಲ. ಐದನೆಯ ದಿನ ಫಕೀರಪ್ಪ ಬಂದು ಚೀಲ ಇಳಿಸತೊಡಗಿದ. ಬಾಯಿ ಸುಮ್ಮನಿರಲಿಲ್ಲ ನನ್ನದು. ಕಲ್ಲನ್ನು ಮುಂದೆ ಹಿಡಿದೆ.

"ಫಕೀರಪ್ಪಾ, ನೋಡು, ಸರಕಾರದ ಮುದ್ರಿ. ಈಗ ಅನುಮಾನ ಇಲ್ಲಲ್ಲ?"

"ಮುದ್ರಿ ಎಲ್ಲಾರ ಕಡೆ ಐತಿ ಬಿಡ್ರಿ."

"ಮತ್ತ ಇಲ್ಲೀ ತನಕ ಬಂದಿ?"

ಅವನು ಚೀಲ ಕೆಳಗಿಟ್ಟು ಪಟಗದ ಚುಂಗಿನಿಂದ ಮುಖ ಒರೆಸಿಕೊಂಡ. "ಅವತ್ತು ಸಾಲಿ ಬಯಲಾಗ ನಾನೂ ಇದ್ದೆನಲ್ರಿ. ಊರಿಗೆ ಹೋಗೂ ತನಕಾ ವಿಚಾರ ಮಾಡಿದೆ. ಮುದ್ರಿ ಹಾಕಿದ ಕಲ್ಲಿನ್ಯಾಗೂ ಮೋಸಾ ಮಾಡಾವರು ಮಾಡತಾರ. ನಿಮ್ಮ ಕೈಲಿ ಅದು ಆಗೂದಿಲ್ರಿ, ಧಣೇರ. ನೀವು ಮನಸ್ಸು ಮಾಡಿದ್ರೂ ಆಗೂದಿಲ್ಲ."

ಅಪ್ಪನನ್ನು ಈ ಜನ ಅವನ ಗುಣ ನೋಡಿ ನಂಬಿದ್ದರು. ನನ್ನನ್ನು ನಂಬಿದ್ದು ನನ್ನ ಬುದ್ಧಿ ನೋಡಿ. ನಾನು ಕಲ್ಲನ್ನು ತಕ್ಕಡಿಯಲ್ಲಿಟ್ಟು ಜೋಳ ತೂಗಿಕೊಂಡೆ.