ಮೂರು ಇಂಚು ಕಮ್ಮಿ

ನೆಲಕ್ಕೆ ಬಿದ್ದ ದಾರವನ್ನು ದಾಟಿಕೊಂಡು ಹೋಗುವ ಜಾಯಮಾನ ಇಂಚಪ್ಪನದಲ್ಲ. ಗೇಣುದ್ದ ಸಿಕ್ಕರೂ ಎತ್ತಿ, ಬೆರಳಿಗೆ ಸುತ್ತಿ, ಡಬ್ಬಿಗೆ ಹಾಕಿಟ್ಟುಕೊಳ್ಳುವ ಮನುಷ್ಯ. ಅವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ, ಹೊಲಿಗೆ ಯಂತ್ರದ ಬುಡದಲ್ಲಿ ನಾಲ್ಕೈದು ಇಂಚಿನ ಬಿಳಿ ದಾರವೊಂದು ಬಿದ್ದಿತ್ತು. ಅಭ್ಯಾಸಬಲದಿಂದ ಬಗ್ಗಿ ಕೈ ಚಾಚಿದ. ದಾರ ತಾನಾಗಿಯೇ ಸುರುಳಿ ಸುತ್ತಿಕೊಂಡಿತು.

ಇಂಚಪ್ಪ ತಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಇಷ್ಟೊಂದು ವಿಧೇಯವಾದ ದಾರವನ್ನು ಅವನು ಕಂಡಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ದಾರವಲ್ಲ, ಹುಳ. ಪಕ್ಕದಲ್ಲೇ ಕಂದು ಬಣ್ಣದ ನಾಯಿಮರಿ ಕೂತು, ಈಗಷ್ಟೇ ವಾಂತಿ ಮಾಡಿಕೊಂಡದ್ದು ತಾನಲ್ಲವೇ ಅಲ್ಲ ಎಂಬಂತೆ ಗೋಡೆಯ ಕಡೆ ಮುಖ ಮಾಡಿತ್ತು.

ಇಂಚಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹಾಲು ಎಷ್ಟು ಹಾಕಲಿ ಎಂದರೆ "ಲೋಟಕ್ಕೆ ಎರಡು ಇಂಚು" ಎನ್ನುವ ದರ್ಜಿಗೆ ಬೀದಿಯವರು ಕಟ್ಟಿದ್ದು. ಐದು ವಾರದ ಹಿಂದೆ ಬೀದಿಯ ಹೆಣ್ಣುನಾಯಿಯೊಂದು ಅವನ ಚಿಂದಿ ಬಟ್ಟೆಯ ಬುಟ್ಟಿಯೇ ಹೆರಿಗೆ ಮನೆಯೆಂದು ತೀರ್ಮಾನಿಸಿ ಮೂರು ಮರಿ ಹಾಕಿತ್ತು. ಮೊದಮೊದಲು ಗೊಣಗಿದ ಇಂಚಪ್ಪ, ಎರಡೇ ವಾರದಲ್ಲಿ ಮರಿಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಯಂತ್ರ ತುಳಿಯುವಷ್ಟು ಹಚ್ಚಿಕೊಂಡುಬಿಟ್ಟ.

ತಕರಾರು ಬಂದದ್ದು ಮಹಡಿಯಿಂದ. ಮೇಲಿನ ಮನೆಯಲ್ಲಿರುವ ಕಟ್ಟಡದ ಯಜಮಾನಿ ಅಮ್ಮಾವ್ರು ಹೊಲಿಯಲು ಕೊಟ್ಟಿದ್ದ ಗೌನಿನ ಬೆಲ್ಟನ್ನು ಮರಿಗಳು ಜಗಿದು ನಾರು ಮಾಡಿದ್ದವು. ಅಮ್ಮಾವ್ರು ಕೂಗಾಡಲಿಲ್ಲ. ಮೆಲ್ಲಗೆ ಹೇಳಿದರು, "ಶನಿವಾರ ಸಂಜೆ ಆರಕ್ಕೆ ಇಳಿದು ಬರ್ತೀನಿ. ಈ ಅಂಗಡೀಲಿ ಒಂದೋ ಮರಿಗಳಿರ್ಬೇಕು, ಇಲ್ಲಾ ನೀವಿರ್ಬೇಕು. ಎರಡೂ ಆಗಲ್ಲ." ಅಮ್ಮಾವ್ರು ಆಡಿದ ಮಾತಿಗೆ ತಪ್ಪಿದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿಲ್ಲ.

ಆ ಶನಿವಾರ ಇವತ್ತೇ. ಆದರೆ ನಿನ್ನೆಯವರೆಗೆ ಇಂಚಪ್ಪನಿಗೆ ಚಿಂತೆಯೇ ಇರಲಿಲ್ಲ. ಮೂರೂ ಮರಿಗಳ ಹೊಟ್ಟೆ ಗುಡಾಣದ ಹಾಗೆ ಉಬ್ಬಿ, ನಡೆದರೆ ನೆಲ ಸವರುತ್ತಿತ್ತು. ಎದುರಿನ ಕ್ಷೌರದಂಗಡಿಯವನು ನೋಡಿದ ಕೂಡಲೇ, "ಏನು ಪುಷ್ಟಿ ಮಾರಾಯ! ಒಂದು ನಂಗೆ, ಒಂದು ನನ್ನ ಭಾವಂಗೆ" ಎಂದಿದ್ದ. ಮೂಲೆಯ ಬೇಕರಿ ಅಕ್ಕ, "ಆ ಡುಮ್ಮ ಕರಿಯ ನನಗೇ ಅಣ್ಣ, ಬೇರೆಯವ್ರಿಗೆ ಕೊಟ್ರೆ ಮಾತಾಡಲ್ಲ ನೋಡು" ಎಂದು ಗುರುತು ಹಾಕಿಕೊಂಡು ಹೋಗಿದ್ದಳು. ಇಬ್ಬರೂ ಇವತ್ತು ಸಂಜೆ ಐದೂವರೆಗೆ ಬರುವವರು. ಈಗ ನೋಡಿದರೆ ದಾರ ಹೊರಳಾಡುತ್ತಿದೆ.

ಇಂಚಪ್ಪ ಮೂರು ಮರಿಗಳನ್ನೂ ದೊಡ್ಡ ಬಟ್ಟೆ ಚೀಲಕ್ಕೆ ಹಾಕಿಕೊಂಡು ಪಶುವೈದ್ಯರಲ್ಲಿಗೆ ಓಡಿದ. ತಾಯಿನಾಯಿ ಹಿಂದೆಯೇ ಬಂತು.

"ತೂಕ ಎಷ್ಟಿರಬಹುದು?" ಡಾಕ್ಟರು ಕೇಳಿದರು.

"ಎದೆ ಹತ್ತು, ಹೊಟ್ಟೆ ಹದಿನಾಲ್ಕು, ಕತ್ತಿಂದ ಬಾಲದವರೆಗೆ ಹನ್ನೊಂದೂವರೆ."

"ನಾನು ಇವಕ್ಕೆ ಕೋಟು ಹೊಲಿಯಲ್ಲ ಕಣ್ರೀ, ಔಷಧ ಕೊಡ್ತೀನಿ" ಎಂದು ಡಾಕ್ಟರು ಮರಿಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿ ಕೂರಿಸಿದರು. ಹೊಟ್ಟೆ ಒತ್ತಿ ನೋಡಿ ತಲೆಯಾಡಿಸಿದರು. "ಇದು ಪುಷ್ಟಿ ಅಲ್ಲ. ಇದು ಪೂರ್ತಿ ಹುಳ. ಹಾಲಿನ ಮೂಲಕ ತಾಯಿಯಿಂದಲೇ ಬಂದಿರುತ್ತೆ. ನೀವು ಹಾಕಿದ ಊಟ ಎಲ್ಲಾ ಅವೇ ತಿಂತಿವೆ. ಪಾಪ, ಮರಿಗಳ ಬೆನ್ನು ಮುಟ್ಟಿ ನೋಡಿ."

ಇಂಚಪ್ಪ ಮುಟ್ಟಿ ನೋಡಿದ. ಹೊಟ್ಟೆಯ ಗುಡಾಣದ ಮೇಲೆ ಬೆನ್ನುಮೂಳೆ ಮಣಿಮಣಿಯಾಗಿ ಸಿಕ್ಕಿತು. ಇಷ್ಟು ದಿನ ಅಳತೆ ಹಿಡಿದರೂ ಇದು ಬೆರಳಿಗೆ ಸಿಗಲಿಲ್ಲವಲ್ಲ ಎಂದು ಅವನ ಕರುಳು ಚುರ್ರೆಂದಿತು.

ಡಾಕ್ಟರು ಒಂದು ಬಾಟಲಿ, ಸೂಜಿಯಿಲ್ಲದ ಒಂದು ಸಿರಿಂಜು, ತಾಯಿಗೆ ಮಾತ್ರೆ ಕೊಟ್ಟು ಒಂದೇ ಉಸಿರಿಗೆ ಹೇಳಿದರು, "ತೂಕದ ಪ್ರಕಾರ ಬರೆದಿದ್ದೀನಿ, ಹೆಚ್ಚು ಕಮ್ಮಿ ಮಾಡ್ಬೇಡಿ. ಇವತ್ತೇ ಎಲ್ಲಾ ಹೊರಗೆ ಬರ್ತವೆ, ಆಗಿಂದಾಗ್ಗೆ ಬಳಿದು ತೊಳೀರಿ. ನಿಮ್ಮ ಕೈಗೆ ಸೋಪು ಹಾಕ್ಕೊಳ್ಳಿ. ಎರಡು ವಾರ ಬಿಟ್ಟು ಇನ್ನೊಂದು ಸಲ ಹಾಕ್ಬೇಕು, ಮರೀಬೇಡಿ."

ಅಂಗಡಿಗೆ ಬಂದ ಮೇಲೆ ಶುರುವಾಯಿತು ನಿಜವಾದ ಪೀಕಲಾಟ. ಕರಿಯನಿಗೆ ಔಷಧ ಹಾಕಿ ಬಿಟ್ಟ, ಕಂದುವಿಗೆ ಹಾಕಿ ಬಿಟ್ಟ, ಬಿಳಿ ಮೂತಿಯದನ್ನು ಹಿಡಿಯಲು ಯಂತ್ರದ ಕೆಳಗೆ ತೂರಿ ಹೊರಬರುವಷ್ಟರಲ್ಲಿ ಕರಿಯನೇ ಮತ್ತೆ ಕೈಗೆ ಬಂದು, ಇನ್ನೊಂದು ಗುಟುಕು ಸಿಗಲಿ ಎಂದು ಬಾಯಿ ಬಿಟ್ಟುಕೊಂಡು ನಿಂತಿತು. ಹಾಕಿದವಕ್ಕೆ ಗುರುತಿರಲಿ ಎಂದು ಬೆನ್ನಿಗೆ ಸೀಮೆಸುಣ್ಣದ ಗೆರೆ ಎಳೆದ. ತಾಯಿ ಬಂದು ಗೆರೆಯನ್ನು ನೆಕ್ಕಿ ಸ್ವಚ್ಛ ಮಾಡಿತು. ಕಡೆಗೆ ಕೊರಳಿಗೆ ಒಂದೊಂದು ಬಣ್ಣದ ರಿಬ್ಬನ್ನು ಕಟ್ಟಿ, ಮೂರನೆಯದಕ್ಕೂ ಕುಡಿಸಿ ಗೆದ್ದ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೇಳಿದ್ದೆಲ್ಲ ಹೊರಗೆ ಬರತೊಡಗಿತು. ಇಂಚಪ್ಪ ಮೂಗಿಗೆ ಲೈನಿಂಗ್ ಬಟ್ಟೆ ಕಟ್ಟಿಕೊಂಡು ಬಳಿದ, ತೊಳೆದ, ಮತ್ತೆ ಬಳಿದ. ಪ್ಯಾಂಟು ಕೊಡಲು ಬಂದ ಗಿರಾಕಿಯೊಬ್ಬ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡು, ಪ್ಯಾಂಟನ್ನು ಎದೆಗವಚಿಕೊಂಡು ಹಿಂದಿರುಗಿದ. ಇಂಚಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಐದು ಗಂಟೆಗೆ ಮರಿಗಳು ಅಂಗಡಿಯ ತುಂಬ ಕುಣಿದಾಡುತ್ತಿದ್ದವು. ಬೆಳಿಗ್ಗೆ ತೆವಳುತ್ತಿದ್ದ ಕರಿಯ ಈಗ ಸ್ಟೂಲು ಹತ್ತುವ ಪ್ರಯತ್ನದಲ್ಲಿತ್ತು. ಅದರ ಹೊಟ್ಟೆಗೆ ಅಳತೆ ಟೇಪು ಸುತ್ತಿ ನೋಡಿ, ಇಂಚಪ್ಪ ಖುಷಿಯಿಂದ ಅಳತೆ ಪುಸ್ತಕದಲ್ಲಿ ಬರೆದ: ಬೆಳಿಗ್ಗೆ ಹದಿನಾಲ್ಕು, ಸಂಜೆ ಹನ್ನೊಂದು.

ಐದೂವರೆಗೆ ಸರಿಯಾಗಿ ಇಬ್ಬರೂ ಬಂದರು. ಕ್ಷೌರದವನು ಬುಟ್ಟಿಯೊಳಗೆ ಬಗ್ಗಿದವನು ಹಾಗೆಯೇ ನಿಂತ.

"ನಾನು ನೋಡಿದ್ದ ಮರಿಗಳೆಲ್ಲೋ?"

"ಇವೇ ಕಣೋ."

"ನನ್ನ ಕಣ್ಣಿಗೆ ಮಣ್ಣೆರಚ್ತೀಯಾ? ಅವು ಹೊಟ್ಟೆ ತುಂಬಿದ ಮರಿಗಳು. ಇವು ಯಾವ್ದೋ ಬಡಕಲು. ಬದಲಾಯಿಸಿಬಿಟ್ಟಿದ್ದೀಯ."

"ನನ್ನ ಡುಮ್ಮ ಎಲ್ಲಣ್ಣ?" ಎಂದಳು ಅಕ್ಕ. "ಮನೇಲಿ ಎಲ್ರಿಗೂ ಡುಮ್ಮ ಬರ್ತಾನೆ ಅಂತ ಹೇಳಿ ಬಂದಿದ್ದೀನಿ."

ಇಂಚಪ್ಪ ಅಳತೆ ಪುಸ್ತಕವನ್ನೇ ತೆಗೆದು ಮುಖಕ್ಕೆ ಹಿಡಿದ. "ನೋಡ್ರಪ್ಪ, ಬೆಳಿಗ್ಗೆ ಹದಿನಾಲ್ಕು, ಸಂಜೆ ಹನ್ನೊಂದು. ಅದೇ ಮರಿ, ಅದೇ ಟೇಪು."

"ಒಂದೇ ದಿನಕ್ಕೆ ಮೂರು ಇಂಚಾ? ಏನು ಮಾಡಿದೆ?"

ಹುಳ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಇಂಚಪ್ಪ ದರ್ಜಿ. ಹೊಟ್ಟೆಯ ವಿಷಯದಲ್ಲಿ ನಿಜ ಹೇಳಿದರೆ ಗಿರಾಕಿ ತಿರುಗಿ ಬರುವುದಿಲ್ಲ ಎಂಬುದು ಅವನು ಕಸುಬಿನ ಮೊದಲ ವರ್ಷವೇ ಕಲಿತ ಪಾಠ. ಅದಕ್ಕೇ ಅವನ ಪುಸ್ತಕದಲ್ಲಿ ಪ್ರತಿ ಗಿರಾಕಿಗೂ ಎರಡು ಸಾಲು. ಗಿರಾಕಿಗೆ ಬಾಯಲ್ಲಿ ಹೇಳಿದ ಅಳತೆ ಒಂದು, ಬಟ್ಟೆ ಕತ್ತರಿಸಿದ್ದು ಇನ್ನೊಂದು. ಹಾಗಾಗಿ ಈಗಲೂ ನಾಲಿಗೆ ತಾನಾಗಿಯೇ ಹೊರಳಿತು.

"ಒಂದು ಔಷಧ ಕೊಟ್ಟೆ ಕಣೋ. ಹೊಟ್ಟೆ ಇಳೀತು, ಅಷ್ಟೇ."

"ಹಾಲು ಕುಡಿಯೋ ಕೂಸಿಗೆ ಯಾರಾದ್ರೂ ಹೊಟ್ಟೆ ಇಳಿಸ್ತಾರಾ?" ಎಂದ ಕ್ಷೌರದವನು.

"ನಿಂಗೆ ಕರುಳಿಲ್ವಾ ಅಣ್ಣ?" ಎಂದಳು ಅಕ್ಕ.

ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ನೆಲ ತೊಳೆದವನಿಗೆ ಕೇಳಬೇಕಾದ ಮಾತೇ ಇದು? ಇಂಚಪ್ಪನ ಕಣ್ಣು ತುಂಬಿಬಂತು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕೆಮ್ಮು ಕೇಳಿಸಿತು. ಯಜಮಾನಿ ಅಮ್ಮಾವ್ರು ಆರಕ್ಕೆ ಮೊದಲೇ ಇಳಿದು ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನೀವಿಬ್ರೂ ಹೊರಡಿ" ಎಂದರು. ಇಬ್ಬರೂ ಮರಿಗಳನ್ನು ಅಲ್ಲೇ ಬಿಟ್ಟು ಹೊರಟರು. ಅಮ್ಮಾವ್ರು ಬಾಗಿಲು ಮುಂದೆ ಮಾಡಿ, ಸ್ಟೂಲಿನ ಮೇಲೆ ಕೂತು, ದನಿ ತಗ್ಗಿಸಿದರು.

"ಮೂರು ಇಂಚು ಅಂದ್ರಲ್ಲ, ನಿಜಾನಾ?"

"ನಿಜ ಅಮ್ಮಾವ್ರೇ."

"ಹೊಟ್ಟೆ ಮಾತ್ರಾನಾ?"

"ಹೊಟ್ಟೆ ಮಾತ್ರ."

ಅಮ್ಮಾವ್ರು ಸ್ವಲ್ಪ ಹೊತ್ತು ಕರಿಯನ ನಡುವನ್ನೇ ಆಸೆಯಿಂದ ನೋಡಿದರು. "ಮರಿಗಳು ಇರ್ಲಿ ಬಿಡಿ ಇಂಚಪ್ಪನೋರೇ. ನೀವೂ ಇರಿ. ನಾನೇನು ಕಲ್ಲಾ? ಆ ಬಾಟ್ಲಿ ಎಲ್ಲಿ?"

ಬದುಕಿದೆ ಎಂದುಕೊಂಡ ಇಂಚಪ್ಪ. ಆ ನೆಮ್ಮದಿ ಇದ್ದದ್ದು ಅಮ್ಮಾವ್ರು ಮೇಜಿನ ಮೇಲಿದ್ದ ಬಾಟಲಿ ಎತ್ತಿ ಮುಚ್ಚಳ ತಿರುಗಿಸುವವರೆಗೆ. ಅವನು ಹಾರಿ ಬಾಟಲಿ ಕಿತ್ತುಕೊಂಡ.

"ಬೇಡಮ್ಮಾವ್ರೇ, ಇದು ನಾಯಿಗಳದ್ದು. ಹುಳದ ಔಷಧ!"

ಅಮ್ಮಾವ್ರು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡರು.

"ಅಂದ್ರೆ" ಎಂದರು ಅಮ್ಮಾವ್ರು, "ನನ್ನ ಹೊಟ್ಟೇಲಿರೋದೂ ಹುಳ ಅಂತೀರಾ?"

"ಛೆ ಛೆ, ನಿಮ್ಮದು ಹುಳ ಅಲ್ವೇ ಅಲ್ಲ."

"ಮತ್ತೇನು?"

ಇಂಚಪ್ಪ ಕಕ್ಕಾಬಿಕ್ಕಿಯಾದ. "ಏನೂ ಇಲ್ಲ ಅಮ್ಮಾವ್ರೇ. ನಿಮಗೆ ಹೊಟ್ಟೆಯೇ ಇಲ್ಲ."

"ಹಾಗಾದ್ರೆ ವರ್ಷಾವರ್ಷ ನನ್ನ ಗೌನು ಯಾಕೆ ಬಿಗಿಯಾಗುತ್ತೆ?"

"ಬಟ್ಟೆ ಕುಗ್ಗುತ್ತೆ. ಎಷ್ಟು ಸಲ ಹೇಳಿಲ್ಲ ನಾನು?"

"ಅದೂ ಹೌದು. ನನ್ನ ಅಳತೆ ಎಷ್ಟಿದೆ, ಆ ಪುಸ್ತಕದಲ್ಲೇ ನೋಡೋಣ" ಎಂದು ಅಮ್ಮಾವ್ರು ಪುಸ್ತಕ ಎಳೆದುಕೊಂಡರು. ಇಂಚಪ್ಪ ಕೈ ಅಡ್ಡ ಹಿಡಿಯುವಷ್ಟರಲ್ಲಿ ಪುಟ ಸಿಕ್ಕಿಯೇಬಿಟ್ಟಿತು. ಹೇಳಿದ್ದು, ಮೂವತ್ತಾರು. ಕತ್ತರಿಸಿದ್ದು, ನಲವತ್ತನಾಲ್ಕು. ಹಿಂದಿನ ವರ್ಷ ಹೇಳಿದ್ದು, ಮೂವತ್ತಾರು. ಕತ್ತರಿಸಿದ್ದು, ನಲವತ್ತೆರಡೂವರೆ. ಅದರ ಹಿಂದಿನ ವರ್ಷವೂ ಹೇಳಿದ್ದು ಮೂವತ್ತಾರೇ.

ಅಮ್ಮಾವ್ರು ಮರಿಗಳ ಪುಟಕ್ಕೆ ತಿರುಗಿಸಿ ಅದನ್ನೂ ಓದಿದರು. ಪುಸ್ತಕ ಮುಚ್ಚಿದರು.

"ನಾಯಿಗಾದ್ರೆ ಸರಿಯಾದ ಅಳತೆ ಬರೀತೀರಿ. ನನಗೆ ಮಾತ್ರ ಸುಳ್ಳು."

ಗೋಡೆಯ ಗಡಿಯಾರ ಆರು ಹೊಡೆಯಿತು. ಅಮ್ಮಾವ್ರು ಎದ್ದು ನಿಂತರು. "ಒಂದೋ ಮರಿಗಳಿರ್ಬೇಕು, ಇಲ್ಲಾ ನೀವಿರ್ಬೇಕು ಅಂದಿದ್ದೆ. ಮರಿಗಳು ಇರ್ಲಿ."

ಮರುದಿನ ಬೆಳಿಗ್ಗೆ ಬೀದಿಯವರು ನೋಡಿದಾಗ ಇಂಚಪ್ಪನ ಹೊಲಿಗೆ ಯಂತ್ರ ಹೊರಗೆ ಮೆಟ್ಟಿಲ ಕೆಳಗಿತ್ತು, ಇಂಚಪ್ಪ ಅದರ ಹಿಂದೆ ಮುದುಡಿ ಕೂತಿದ್ದ. ಒಳಗೆ ಅಂಗಡಿಯಲ್ಲಿ ಅವನದೇ ಮೆತ್ತೆಯ ಮೇಲೆ ತಾಯಿ, ಮಕ್ಕಳು ನಾಲ್ಕೂ ಕಾಲು ಚಾಚಿ ಮಲಗಿದ್ದವು. ಅಮ್ಮಾವ್ರು ಹಾಲಿನ ಬಟ್ಟಲು ಹಿಡಿದು ಇಳಿದು ಬಂದರು. ಅವನ ಮುಂದೆಯೇ ಹಾದು, ಒಳಗೆ ಹೋಗಿ, ಬಟ್ಟಲಿಟ್ಟು ಮುದ್ದು ಮಾಡಿ, ಹೊರಗೆ ಬಂದು ಬಾಗಿಲು ಮುಂದೆ ಮಾಡಿದರು.

"ಇನ್ನೊಂದು ಸಲ ಔಷಧ ಹಾಕೋದು ಯಾವತ್ತು?"

"ಇನ್ನು ಹದಿಮೂರು ದಿನಕ್ಕೆ ಅಮ್ಮಾವ್ರೇ."

"ಅವತ್ತು ಒಂದು ದಿನ ಒಳಗೆ ಬನ್ನಿ" ಎಂದು ಅಮ್ಮಾವ್ರು ಮೆಟ್ಟಿಲು ಹತ್ತಿದರು.

ಇಂಚಪ್ಪ ನಿಟ್ಟುಸಿರು ಬಿಟ್ಟು, ಕೊರಳಲ್ಲಿದ್ದ ಟೇಪು ತೆಗೆದು, ದಿನಕ್ಕೊಂದು ಇಂಚಿನಂತೆ ಹದಿಮೂರು ಎಣಿಸಿ, ಅಲ್ಲಿಗೆ ಒಂದು ಗುಂಡುಸೂಜಿ ಚುಚ್ಚಿಟ್ಟುಕೊಂಡ.