ಅಲಿಫ್ ಬೇಗಿಂತ ದೊಡ್ಡದು

ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಹುಮನಾಬಾದಿನಲ್ಲಿ ಯಾರೂ ಇಲ್ಲವೆಂದು ನಾನು ನಂಬಿದ್ದ ಕಾಲವೊಂದಿತ್ತು. ನಂಬಲು ಕಾರಣವೂ ಇತ್ತು. ಅಲ್ಲಿನ ಸಣ್ಣ ಶಾಲೆಯೊಂದರಲ್ಲಿ ನಾನು ಮೂರನೆಯ ಇಯತ್ತೆಗೆ ಲೆಕ್ಕ ಕಲಿಸುತ್ತಿದ್ದೆ, ಮತ್ತು ಮೂರನೆಯ ಇಯತ್ತೆಯವರು ನನ್ನನ್ನು ಒಮ್ಮೆಯೂ ಸೋಲಿಸಿರಲಿಲ್ಲ.

ಅದು ನಿಜಾಮರ ಆಳ್ವಿಕೆ, ಮೇಲಾಗಿ ಯುದ್ಧದ ಕಾಲ. ನನ್ನ ನೌಕರಿ ಹಂಗಾಮಿ. ಖಾಯಂ ಆಗಬೇಕಾದರೆ ಶಿಕ್ಷಕರ ಪರೀಕ್ಷೆ ಪಾಸು ಮಾಡಬೇಕಿತ್ತು. ಪರೀಕ್ಷೆ ನಡೆಯುವುದು ಈಗ ನಾವು ಬಸವಕಲ್ಯಾಣವೆನ್ನುವ ಊರಿನಲ್ಲಿ. ಆಗ ಅದು ಬರೀ ಕಲ್ಯಾಣಿ. ನನ್ನ ಮಾವನ ಮನೆಯೂ ಅಲ್ಲೇ. ಮದುವೆಯಾಗಿ ಎಂಟು ತಿಂಗಳಾಗಿದ್ದರೂ ಹೆಂಡತಿ ಕಾಶೀಬಾಯಿ ಇನ್ನೂ ತವರಿನಲ್ಲಿದ್ದಳು. ಬಟ್ಟೆ ಅಂಗಡಿ ಇಟ್ಟಿದ್ದ ಮಾವ ಒಂದೇ ಮಾತು ಹೇಳಿದ್ದರು: "ನೌಕರಿ ಖಾಯಂ ಆಗಲಿ ಮಾಸ್ತರ, ಮರುದಿನಾನೇ ಮಗಳನ್ನ ಕಳಸ್ತೀನಿ." ಹೀಗಾಗಿ ನನ್ನ ಇಡೀ ಸಂಸಾರ ಬೀಜಗಣಿತದ ಮೇಲೆ ನಿಂತಿತ್ತು.

ನಮ್ಮ ಶಾಲೆಯ ಉರ್ದು ಶಿಕ್ಷಕ ರಹೀಮಸಾಬರೂ ಅದೇ ಪರೀಕ್ಷೆಗೆ ಕೂಡುವವರಿದ್ದರು. ಅವರಿಗೆ ಲೆಕ್ಕವೆಂದರೆ ನಡುಕ. ನಾನೇ ಕಲಿಸುತ್ತೇನೆಂದು ಮುಂದೆ ಬಿದ್ದೆ. ಪ್ರಶ್ನೆಪತ್ರಿಕೆ ಉರ್ದುವಿನಲ್ಲಿ. ಅದರಲ್ಲಿ ಒಂದು ಬಗೆಯ ಪ್ರಶ್ನೆ ತಪ್ಪದೆ ಬರುತ್ತಿತ್ತು: ಕೆಳಗಿನ ಮಾತುಗಳಲ್ಲಿ ಯಾವುದು ಲಾಜಿಮ್, ಅಂದರೆ ಯಾವ ಅಂಕಿ ಹಾಕಿದರೂ ನಿಜವಾಗಲೇಬೇಕಾದದ್ದು? ಇದಕ್ಕೆ ನನ್ನದೊಂದು ಸ್ವಂತ ವಿಧಾನವಿತ್ತು. ಪ್ರಶ್ನೆಯಲ್ಲಿ ಅಂಕಿಯ ಬದಲು ಬರುವ ಅಲಿಫ್, ಬೇ, ಜೀಮ್ ಎಂಬ ಉರ್ದು ಅಕ್ಷರಗಳ ಜಾಗದಲ್ಲಿ ಐದು, ಮೂರು, ಇಂಥ ಒಳ್ಳೆಯ ಮನೆತನದ ಅಂಕಿಗಳನ್ನು ಹಾಕಿ ನೋಡುವುದು. ಸರಿಬಂದರೆ ಲಾಜಿಮ್ ಎಂದು ಬರೆದು ಮುಂದೆ ಹೋಗುವುದು.

ಸೊನ್ನೆಯನ್ನೂ ಹಾಕಿ ನೋಡಲೇ ಎಂದು ರಹೀಮಸಾಬರು ಅಳುಕುತ್ತ ಕೇಳಿದರು. ಸೊನ್ನೆ ಅಂದರೆ ಏನೂ ಇಲ್ಲ, ಏನೂ ಇಲ್ಲದ್ದನ್ನು ಪರೀಕ್ಷೆಗೆ ಯಾಕೆ ಹೊತ್ತೊಯ್ಯುತ್ತೀರಿ ಎಂದು ನಾನು ನಕ್ಕೆ. ಅವರೂ ಮರ್ಯಾದೆಗೆ ನಕ್ಕರು.

ಇದ್ದಿಲ ಹೊಗೆಯಿಂದ ಓಡುವ ಮೋಟಾರು ಹತ್ತಿ, ದಿಬ್ಬ ಬಂದಲ್ಲೆಲ್ಲ ಇಳಿದು ತಳ್ಳಿ, ಇಬ್ಬರೂ ಕಲ್ಯಾಣಿ ಸೇರಿದೆವು. ನಿರೀಕ್ಷಿಸಿದ್ದ ಪ್ರಶ್ನೆಯೇ ಬಂತು. ಅಲಿಫ್ ಬೇಗಿಂತ ದೊಡ್ಡದು. ಹಾಗಾದರೆ ಯಾವುದು ಲಾಜಿಮ್? ಒಂದು: ಎರಡಕ್ಕೂ ಒಂದೊಂದು ಕೂಡಿಸಿದರೂ ಅಲಿಫೇ ದೊಡ್ಡದು. ಎರಡು: ಅಲಿಫಿನ ವರ್ಗ ಬೇಯ ವರ್ಗಕ್ಕಿಂತ ದೊಡ್ಡದು. ಮೂರು: ಅಲಿಫ್ ಮತ್ತು ಬೇ ಕೂಡಿದರೆ ಬರೀ ಅಲಿಫಿಗಿಂತ ದೊಡ್ಡದು. ಐದು, ಮೂರು ಹಾಕಿದೆ. ಮೂರೂ ಸರಿ! ಯಾವುದಕ್ಕೂ ಇರಲಿ ಎಂದು ನಾಲ್ಕು, ಎರಡು ಹಾಕಿದೆ. ಆಗಲೂ ಸರಿ. 'ಮೂರೂ ಲಾಜಿಮ್' ಎಂದು ದಪ್ಪ ಅಕ್ಷರದಲ್ಲಿ ಬರೆದು, ಅಡಿಗೆರೆ ಎಳೆದು, ಎಲ್ಲರಿಗಿಂತ ಮೊದಲು ಹೊರಗೆ ಬಂದೆ.

ಸಂಜೆ ಮಾವ, ಅಳಿಯ ಪಾಸಾದಂತೆಯೇ ಎಂದು, ನೆರೆಯ ಅಂಗಡಿಯವರನ್ನೆಲ್ಲ ಪಡಸಾಲೆಗೆ ಕರೆದು ಪೇಢೆ ಹಂಚಿದರು. ರಹೀಮಸಾಬರೂ ಬಂದಿದ್ದರು. ಪ್ರಶ್ನೆಯನ್ನೂ ಅದನ್ನು ಬಿಡಿಸಿದ ಬಗೆಯನ್ನೂ ನಾನು ಸಭೆಗೆ ವಿವರಿಸಿದೆ. ಎಲ್ಲರೂ ತಲೆದೂಗಿದರು. ಅಷ್ಟರಲ್ಲಿ ಬಾಗಿಲ ಮರೆಯಿಂದ ಕಾಶೀಬಾಯಿ, ನನ್ನನ್ನು ನೇರವಾಗಿ ಕೇಳಬಾರದೆಂದು, ತನ್ನ ತಂದೆಯನ್ನು ಕೇಳಿದಳು:

"ಅಪ್ಪಾ, ಬುಟ್ಟ್ಯಾಗ ಐದು ರೊಟ್ಟಿ ಅವ. ಮ್ಯಾಲ ಸೊನ್ನಿ ರೊಟ್ಟಿ ಇಟ್ರ ಎಷ್ಟಾಗ್ತಾವ?"

"ಐದೇ," ಎಂದರು ಮಾವ.

"ಮತ್ತ ಆ ಬೇ ಅಂಬೋದು ಸೊನ್ನಿ ಇದ್ರ, ಕೂಡಿದ್ದು ಹ್ಯಾಂಗ ದೊಡ್ಡದಾಗ್ತದ?"

ಯಾರ ಮನೆಯಲ್ಲೂ ಸೊನ್ನೆ ರೊಟ್ಟಿ ಇಡುವುದಿಲ್ಲ ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಸಭೆಗೆ ಅದು ಸಾಲಲಿಲ್ಲ. ಬೆಂಬಲಕ್ಕೆಂದು ರಹೀಮಸಾಬರ ಕಡೆ ತಿರುಗಿದೆ. ಅವರು ಕೈಯಲ್ಲಿದ್ದ ಪೇಢೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಮಾಫ್ ಮಾಡ್ರಿ ಮಾಸ್ತರ. ನೀವು ಬ್ಯಾಡ ಅಂದ್ರೂ ನಾ ಸೊನ್ನಿ ಹಾಕಿ ನೋಡ್ದೆ. ಸೊನ್ನಿಗಿಂತ ಕೆಳಗಿನ ಅಂಕೀನೂ ಹಾಕ್ದೆ. ಮೊದಲನೇದು ಒಂದೇ ಉಳೀತ್ರಿ."

ಗುರುದ್ರೋಹ ಮಾಡಿದೆನೆಂದು ಅವರ ಕಣ್ಣು ತುಂಬಿತ್ತು. ಮಾವ ಎದ್ದು, ಉಳಿದ ಪೇಢೆಯ ತಟ್ಟೆಯನ್ನು ಒಳಗೆ ಒಯ್ದರು.

ಫಲಿತಾಂಶ ಬಂತು. ಶಿಷ್ಯ ಪಾಸು, ಗುರು ನಪಾಸು. ಮರುವರ್ಷ ರಹೀಮಸಾಬರೇ ನನಗೆ ಪಾಠ ಹೇಳಿದರು. ಒಂದೆರಡು ಅಂಕಿಗೆ ಹೊಂದಿದರೆ ಅದು ಮುಮ್ಕಿನ್, ಬರೀ ಆಗಬಹುದಾದದ್ದು. ಹೊಂದದ ಒಂದೇ ಒಂದು ಅಂಕಿ ಸಿಕ್ಕರೂ ಅದು ಲಾಜಿಮ್ ಅಲ್ಲ. ಈ ತತ್ತ್ವ ನನ್ನ ತಲೆಗೆ ಎಷ್ಟು ಆಳವಾಗಿ ಇಳಿಯಿತೆಂದರೆ, ನಾನು ಯಾವುದನ್ನೂ ನಂಬದಂತಾದೆ. ಆ ಸಲದ ಪ್ರಶ್ನೆ: ಅಲಿಫ್ ಬೇಗಿಂತ ದೊಡ್ಡದು, ಬೇ ಜೀಮ್‌ಗಿಂತ ದೊಡ್ಡದು, ಅಲಿಫ್ ಜೀಮ್‌ಗಿಂತ ದೊಡ್ಡದೆಂಬುದು ಲಾಜಿಮೋ? ಸೊನ್ನೆ ಹಾಕಿದೆ, ಸೊನ್ನೆಗಿಂತ ಕೆಳಗಿನದು ಹಾಕಿದೆ, ಅರ್ಧ, ಕಾಲು ಎಲ್ಲ ಹಾಕಿದೆ. ಒಂದು ತಾಸು ಹುಡುಕಿದರೂ ಸುಳ್ಳು ಸಿಗಲಿಲ್ಲ. ಕೊನೆಗೆ ಬರೆದೆ: 'ಹೊಂದದ ಅಂಕಿ ನನಗೆ ಸಿಕ್ಕಿಲ್ಲ. ಆದರೆ ಎಲ್ಲೋ ಇದ್ದೇ ಇರುತ್ತದೆ. ಆದ್ದರಿಂದ ಲಾಜಿಮ್ ಅಲ್ಲ.'

ಮತ್ತೆ ನಪಾಸು.

ಆ ಸುದ್ದಿ ಕಲ್ಯಾಣಿಗೆ ಮುಟ್ಟಿದ ಮೂರನೆಯ ದಿನ ನನ್ನ ಬಾಡಿಗೆ ಕೋಣೆಯ ಮುಂದೆ ಒಂದು ಟ್ರಂಕು ಇಳಿಯಿತು. ಹಿಂದೆಯೇ ಕಾಶೀಬಾಯಿ. ಮುಖಕ್ಕೆಲ್ಲ ಇದ್ದಿಲ ಮಸಿ. ನಾನು ನಾಚಿಕೆಯಿಂದ ತಲೆ ತಗ್ಗಿಸಿ, ಅಪ್ಪ ಹೇಗೆ ಕಳಿಸಿದರು ಎಂದು ಕೇಳಿದೆ.

"ನೀವು ಪಾಸಾಗೋದು ಮುಮ್ಕಿನ್ ಅದರಿ, ಲಾಜಿಮ್ ಇಲ್ಲ ಅಂತ ಅಪ್ಪಗ ತಿಳಿಸಿ ಹೇಳಿದೆ," ಎಂದಳು. "ಅವರಿಗಿ ಪಟ್ಟಂತ ತಿಳೀತು."

ಅಂದಿನಿಂದ ದಿನಾ ಒಲೆಯ ಮುಂದೆ ಪಾಟಿ ಹಿಡಿದು ಕೂತೆ. ನಾನು ಏನೇ ಹೇಳಿದರೂ ಅವಳು ರೊಟ್ಟಿ ಬಡಿಯುತ್ತ, ಯಾವಾಗಲೂ ಹಾಗೆಯೇ ಏನು ಎಂದು ಕೇಳುತ್ತಿದ್ದಳು. ಆಗ ನಾನು ಹೇಳಿದ್ದನ್ನು ಅಳಿಸುತ್ತಿದ್ದೆ. ಹೀಗೆ ಅಳಿಸಿ ಅಳಿಸಿ ಮೂರನೆಯ ವರ್ಷ, ಬೇಕಾದಷ್ಟೇ ಅಂಕ ಪಡೆದು ಪಾಸಾದೆ.

ಖಾಯಂ ಆದ ಹುಕುಂ ಬಂತು. ಜೊತೆಗೆ ಮೇಲಿನವರು ಒಂದು ಸಾಲು ಸೇರಿಸಿದ್ದರು: ಇವರ ಅಂಕಗಳನ್ನು ಗಮನಿಸಿ, ಲೆಕ್ಕವೊಂದನ್ನು ಬಿಟ್ಟು ಬೇರೆ ಯಾವುದನ್ನಾದರೂ ಕೊಡತಕ್ಕದ್ದು. ಲೆಕ್ಕ ರಹೀಮಸಾಬರ ಪಾಲಾಯಿತು. ನನಗೆ ಡ್ರಿಲ್ ಬಂತು. ಎಡಗಾಲು, ಬಲಗಾಲು, ಅಷ್ಟೇ. ಅದರಲ್ಲಿ ತಪ್ಪಲು ಜಾಗವಿಲ್ಲ ಎಂದುಕೊಂಡೆ.

ಮೊದಲ ದಿನವೇ 'ನಿಲ್ಲಿ' ಎನ್ನುವುದನ್ನು ಮರೆತು ಇಡೀ ತರಗತಿಯನ್ನು ಗೋಡೆಗೆ ಹಾಯಿಸಿದೆ.