ಹಳ್ಳದ ದಂಡಿ, ಹೂವಿನ ದಂಡಿ

ನಮ್ಮ ಸಂಶಿ ಕಡೆ ಹುಟ್ಟಿದವರಿಗೆ ದಾರಿ ತಪ್ಪುವುದೆಂದರೆ ಏನೆಂದೇ ಗೊತ್ತಿಲ್ಲ. ಸುತ್ತಲೂ ಅಂಗೈಯಂಥ ಕರಿನೆಲ. ನಡುವೆ ಅಲ್ಲೊಂದು ಇಲ್ಲೊಂದು ಬೇವಿನ ಮರ. ಊರು ಬಿಟ್ಟ ಬಸ್ಸನ್ನು ಕಟ್ಟೆಯ ಮೇಲೆ ಕುಳಿತೇ ಯರಗುಪ್ಪಿಯವರೆಗೆ ಕಣ್ಣಿನಿಂದ ಕಳಿಸಿಬರಬಹುದು. ನಡುವೆ ಡ್ರೈವರ್ ಇಳಿದು ಯಾರ ಹೊಲದಲ್ಲಿ ಹಸಿಗಡಲೆ ಕಿತ್ತ ಎಂಬುದೂ ಗೊತ್ತಾಗುತ್ತದೆ! ಇಂಥ ಊರಿನಲ್ಲಿ ಜನ್ಮವಿಡೀ ದಾರಿ ತಪ್ಪದೆ ಬದುಕಿದ ನಾನು, ಅದನ್ನು ನನ್ನ ಸ್ವಂತ ಪ್ರತಿಭೆ ಎಂದೇ ತಿಳಿದಿದ್ದೆ.

ಈ ಪ್ರತಿಭೆಯ ಪ್ರದರ್ಶನಕ್ಕೆ ನಾನು ಆರಿಸಿಕೊಂಡದ್ದು ಕಲಘಟಗಿಯ ಅಡವಿಯನ್ನು. ಆರಿಸಿಕೊಂಡ ದಿನ, ನನ್ನ ಒಬ್ಬಳೇ ಮಗಳು ವಿದ್ಯಾಳ ಕುಬಸದ, ಅಂದರೆ ಸೀಮಂತದ ದಿನ.

ವಿದ್ಯಾ ಚೊಚ್ಚಲ ಬಸುರಿ. ಗಂಡನ ಮನೆ ಕಲಘಟಗಿಯಲ್ಲಿ. ನಾನೂ ನನ್ನ ಹೆಂಡತಿ ಗಿರಿಜಾಳೂ ಸೀರೆ, ಕುಬಸ, ಹಸಿರು ಬಳೆ, ಬುಟ್ಟಿಗಟ್ಟಲೆ ಉಂಡಿ ಹೊತ್ತುಕೊಂಡು ಹಿಂದಿನ ದಿನವೇ ಹೋಗಿದ್ದೆವು. ಬೆಳಗಾಗುತ್ತಲೇ ಮನೆ ತುಂಬ ಹೆಂಗಸರು. ನಾನು ಎಲ್ಲಿ ನಿಂತರೂ ಸರಿಯಾಗಿ ಅಲ್ಲಿಯೇ ಯಾರಿಗೋ ರಂಗೋಲಿ ಹಾಕಬೇಕಾಗಿರುತ್ತಿತ್ತು. ಕೊನೆಗೆ ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

“ಏನ್ರಿ, ನೀವು ಮನ್ಯಾಗ ಇದ್ರ ಒಂದ ಕೆಲಸ ಎರಡಾಕ್ಕಾವು. ಬೀಗರನ್ನ ಕರಕೊಂಡು ಬಜಾರಕ್ಕ ಹೋಗಿ ದಂಡಿ ತಗೊಂಡು ಬರ್ರಿ. ಸಾವಕಾಶ ಬರ್ರಿ. ಆದ್ರ ಆರತಿ ಹೊತ್ತಿಗೆ ಮನಿ ಮುಟ್ಟಿರಬೇಕು ನೋಡ್ರಿ!”

ಕುಬಸದ ದಿನ ಬಸುರಿಯ ತಲೆಗೆ ಕಿರೀಟದಂತೆ ಕಟ್ಟುವ ಮಲ್ಲಿಗೆಯ ಹೂಕಟ್ಟಿಗೆ ನಮ್ಮ ಕಡೆ ದಂಡಿ ಎನ್ನುತ್ತಾರೆ. ದಂಡಿ ಇಲ್ಲದ ಕುಬಸವೆಂದರೆ ಬಾಸಿಂಗವಿಲ್ಲದ ಮದುವೆ. ಇಂಥ ಜವಾಬ್ದಾರಿ ನನ್ನ ಹೆಗಲಿಗೆ ಬಂದದ್ದಕ್ಕೆ ನನಗೆ ಹೆಮ್ಮೆಯೇ ಆಯಿತು.

ಬೀಗರ ಹೆಸರು ಶಿವಾನಂದಪ್ಪ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಪರಮ ಸಭ್ಯರು. ‘ಇಲ್ಲ’ ಎಂಬ ಶಬ್ದ ಅವರ ಬಾಯಿಂದ ಬಂದದ್ದನ್ನು ಅವರ ಹೆಂಡತಿಯೂ ಕೇಳಿಲ್ಲವಂತೆ. ಅವರ ಸ್ಕೂಟರಿನಲ್ಲಿ ಹೋದೆವು. ದಂಡಿ ತಯಾರಾಗಿಯೇ ಇತ್ತು. ಹೂವಿನ ಅಂಗಡಿಯವರು ಬಾಳೆಎಲೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಟ್ಟರು. ಆರತಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಮನೆಗೆ ಹೋದರೆ ಮತ್ತೆ ರಂಗೋಲಿಯ ಕಾಟ. ಕಾಲಲ್ಲಿ ಅಳಿಯ ಕೊಡಿಸಿದ ಹೊಸ ಬೂಟು ಬೇರೆ ಅಡ್ಡಾಡಲು ಹವಣಿಸುತ್ತಿತ್ತು.

“ಬೀಗರ, ಇಲ್ಲೆ ಹಳ್ಳದ ಗುಂಟ ಅಡವ್ಯಾಗ ಅಡ್ಡಾಡಾಕ ದಾರಿ ಐತೇನ್ರಿ?” ಎಂದೆ.

“ಐತಂತರಿ” ಎಂದರು ಬೀಗರು.

ಆ ‘ಅಂತ’ದ ಕಡೆ ನನ್ನ ಗಮನ ಹೋಗಲಿಲ್ಲ. ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಡವಿಯ ಅಂಚಿನಲ್ಲಿ ಒಂದು ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ, ಹೂ ಬಾಡಬಾರದೆಂದು ಚೀಲವನ್ನು ಕೈಯಲ್ಲೇ ಹಿಡಿದು ಹೊರಟೆವು. ಆಹಾ, ಏನು ನೆರಳು! ಸಾಗವಾನಿ, ಮತ್ತಿ, ಬಿದಿರು. ಕೆಳಗೆ ಹಳ್ಳದ ನೀರು ಕಲ್ಲುಗಳ ಜೊತೆ ಮಾತಾಡುತ್ತ ಹರಿಯುತ್ತಿತ್ತು. ಎಲ್ಲೋ ಒಂದು ಹಕ್ಕಿ ಕೂಗಿತು.

“ಯಾವ ಹಕ್ಕಿರಿ ಅದು?” ಎಂದೆ.

“ಚಲೋ ಹಕ್ಕಿರಿ” ಎಂದರು ಬೀಗರು.

ದಾರಿ ಎರಡಾಗಿ ಒಡೆದಲ್ಲೆಲ್ಲ ನಮ್ಮ ನಡುವೆ ಒಂದು ಸಣ್ಣ ಸಮಾರಂಭ ನಡೆಯುತ್ತಿತ್ತು. “ನೀವು ಮುಂದ ನಡೀರಿ.” “ಛೇ ಛೇ, ನೀವು ಹಿರ್ಯಾರು, ನೀವ ನಡೀರಿ.” ನಾನು ಸುಮ್ಮನೆ ಬಲಕ್ಕೆ ನೋಡಿದರೆ ಬೀಗರು ಬಲಕ್ಕೆ ಹೆಜ್ಜೆ ಹಾಕುವರು. ಪಾಪ, ದಾರಿ ಬಲ್ಲವರು ಎಂದು ನಾನು ಹಿಂದೆ ನಡೆಯುವೆ. ಎಡಕ್ಕೆ ನೋಡಿದರೆ ಎಡಕ್ಕೆ. ಎಂಥ ಅನುಭವಸ್ಥರು!

ಒಂದು ಕಡೆ ಹಳ್ಳ ದಾಟಬೇಕಾಯಿತು. ಬೀಗರು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದರು. ನಾನು ಮೂರನೆಯ ಕಲ್ಲಿನ ಮೇಲೆ ನಿಂತು, “ನಮ್ಮ ಕಡೆ ಇಂಥಾ ಹಳ್ಳಾ ಭಾಳ ನೋಡೇನ್ರಿ” ಎಂದೆ. ಮುಂದಿನ ಮಾತು ಆಡಿದ್ದು ನೀರಿನೊಳಗಿನಿಂದ. ಟೊಂಕದ ತನಕ ಮುಳುಗಿದ್ದೆ. ಆದರೂ ದಂಡಿಯ ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದೆ! ಹೂವಿಗೆ ಒಂದು ಹನಿ ತಾಗಲಿಲ್ಲ. ಎಡಗಾಲಿನ ಬೂಟು ಮಾತ್ರ ಕಳಚಿ, ತೇಲುತ್ತ ಹೊರಟುಹೋಯಿತು. ಎಲ್ಲಿಗೆ ಹೋಗಬೇಕೆಂಬುದು ನಮ್ಮ ಮೂವರಲ್ಲಿ ಅದಕ್ಕೊಂದಕ್ಕೇ ಗೊತ್ತಿತ್ತು.

ಒಂದೇ ಬೂಟಿನಲ್ಲಿ ಕುಂಟುತ್ತ ಎಷ್ಟೋ ಹೊತ್ತು ನಡೆದೆ. ಎದುರಿಗೆ ಒಂದು ದೊಡ್ಡ ಹುತ್ತ ಬಂತು. ಎಲ್ಲೋ ನೋಡಿದ ಹುತ್ತ.

“ಬೀಗರ, ಈ ಹುತ್ತಾ ಆವಾಗೂ ಬಂದಿತ್ತಲ್ಲರಿ?”

“ಹೌದ್ರಿ. ಇದು ಮೂರನೇ ಸಲ.”

“ಮತ್ತ ಹೇಳಬಾರದೇನ್ರಿ?”

“ನಿಮಗ ಹುತ್ತಾ ಭಾಳ ಮನಸಿಗೆ ಬಂದೈತಿ ಅಂತ ತಿಳಕೊಂಡ್ನಿರಿ.”

ನಾನು ಗಕ್ಕನೆ ನಿಂತೆ. “ನೀವು ಈ ಊರಾವ್ರ ಅಲ್ಲೇನ್ರಿ? ನಿಮಗ ಈ ಅಡವಿ ಗೊತ್ತಿಲ್ಲಾ?”

ಬೀಗರು ನೆಲ ನೋಡಿದರು. “ನಾ ಬಜಾರದಾಂವ್ರಿ. ಮನಿ, ಬ್ಯಾಂಕು, ಬ್ಯಾಂಕು, ಮನಿ. ಅಡವ್ಯಾಗ ಇವತ್ತ ಕಾಲಿಟ್ಟಿದ್ದು. ನೀವು ಅಗದಿ ಧೈರ್ಯಲೇ ನಡ್ಯಾಕತ್ತಿದ್ರಿ, ನಿಮಗ ಎಲ್ಲಾ ಗೊತ್ತೈತಿ ಅಂತ ನಾ ನಿಮ್ಮ ಕಣ್ಣು ನೋಡಕೋತ ಬಂದೆ!”

ಹೀಗೆ, ದಾರಿ ಗೊತ್ತಿಲ್ಲದ ಇಬ್ಬರು ಮರ್ಯಾದಸ್ಥರು ಪರಸ್ಪರ ಗೌರವದಿಂದ ದಾರಿ ತಪ್ಪಿದ್ದರು.

ಅಷ್ಟರಲ್ಲಿ ನನ್ನ ಜೇಬಿನ ಫೋನು ಕೂಗಿತು. ಹಳ್ಳಕ್ಕೆ ಬಿದ್ದೂ ಬದುಕಿತ್ತು! ದಡದ ಬಂಡೆ ಹತ್ತಿದರೆ ಗಿರಿಜಾಳ ಧ್ವನಿ ತುಂಡು ತುಂಡಾಗಿ ಕೇಳಿತು.

“ಎಲ್ಲಿ ಅದೀರಿ? ದಂಡಿ... ದಂಡಿ...”

ನಮ್ಮ ಬಾಯಲ್ಲಿ ಹಳ್ಳದ ದಡಕ್ಕೂ ದಂಡಿಯೆಂದೇ ಹೆಸರು. ನಾನು ಜೋರಾಗಿ ಕೂಗಿದೆ: “ಹೂಂ, ದಂಡೀ ಮ್ಯಾಲೇ ನಿಂತೇನಿ!”

“ಅಯ್ಯ! ದಂಡಿ ಮ್ಯಾಲ ನಿಂತೀರಾ?!”

“ಬೀಗರೂ ಇಲ್ಲೇ ಅದಾರ. ಕಾಲ ಚಾಚಿ ಕುಂತಾರ!”

“ಯವ್ವಾ! ಬೀಗರೂ?!”

“ಭಾಳ ಕೆಸರಾಗೈತಿ! ಆದ್ರೂ...”

ಫೋನು ಸತ್ತಿತು. ಈ ಸಲ ಪೂರ್ತಿಯಾಗಿ.

ನಾನು ಬಂಡೆಯ ಮೇಲೆ ಕುಸಿದು ಕುಳಿತೆ. ನಗು ಬರಲಿಲ್ಲ. ಹಸಿರು ಸೀರೆಯುಟ್ಟು, ದಂಡಿಯಿಲ್ಲದ ತಲೆಯಲ್ಲಿ ಮಣೆಯ ಮೇಲೆ ಕುಳಿತು ಬಾಗಿಲ ಕಡೆ ನೋಡುತ್ತಿರುವ ಮಗಳು ಕಣ್ಣಿಗೆ ಕಟ್ಟಿದಳು. ಬೀಗರು ನನ್ನ ಕೈ ಹಿಡಿದು ಎಬ್ಬಿಸಿದರು. “ಹಿಂಗ ಕುಂತ್ರ ಆಗೂದಿಲ್ಲರಿ. ವಿದ್ಯಾ ನಮಗೂ ಮಗಳ. ಹೋಗೂಣು ನಡೀರಿ.”

ಅವರ ಬಾಯಿಂದ ಮೊದಲ ಸಲ ‘ಇಲ್ಲ’ ಬಂದಿತ್ತು!

ಸ್ವಲ್ಪ ದೂರದಲ್ಲೇ ಕಿಣಿಕಿಣಿ ಗಂಟೆಯ ಸದ್ದು. ಓಡಿದೆವು. ಒಬ್ಬ ಅಜ್ಜಿ ಮರದ ಬುಡದಲ್ಲಿ ಕುಳಿತು ಆಡು ಮೇಯಿಸುತ್ತಿದ್ದಳು. ಚೀಲವನ್ನು ಪೊದೆಗೆ ತೂಗುಹಾಕಿ ಎರಡೂ ಕೈ ಮುಗಿದೆ.

“ಯವ್ವಾ, ದಾರಿ ತಪ್ಪೇತಿ. ಹ್ಯಾಂಗರ ಮಾಡಿ ಡಾಂಬರ ರಸ್ತಾ ತೋರಸು!”

ಅಜ್ಜಿ ನಮ್ಮ ಅವತಾರವನ್ನು ಮೇಲಿಂದ ಕೆಳಗೆ ನೋಡಿದಳು. “ಬೆನ್ನ ಹಿಂದ ನೋಡ್ರಿ.”

ಹಿಂದೆ ತಿರುಗಿದೆವು. ಬಿದಿರಿನ ಸಂದಿಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು! ಸಂತೋಷದಿಂದ ಬೀಗರನ್ನು ತಬ್ಬಿಕೊಂಡೆ. ಆಗ ಅಜ್ಜಿ ಶಾಂತವಾಗಿ ಕೇಳಿದಳು: “ಯಪ್ಪಾ, ಆ ಮಲ್ಲಿಗಿ ಆಡಿಗೆ ಅಂತ ತಂದಿದ್ರ್ಯಾ?”

ಅಷ್ಟರಲ್ಲಿ ಮುಗಿದಿತ್ತು. ಆಡು ಬಾಳೆಎಲೆಯನ್ನೂ ಬಿಟ್ಟಿರಲಿಲ್ಲ.

ಬಸ್ಸಿಳಿದು ಮನೆ ಸೇರಿದಾಗ ಆರತಿಯ ತಟ್ಟೆ ತಯಾರಾಗಿತ್ತು. ಖಾಲಿ ಚೀಲ, ಒಂದೇ ಬೂಟು, ಟೊಂಕದ ತನಕ ಕೆಸರು. ಹೊಸ್ತಿಲಲ್ಲಿ ನಿಂತು ತಲೆಯೆತ್ತಿದರೆ, ಮಣೆಯ ಮೇಲೆ ವಿದ್ಯಾ. ತಲೆಯ ಮೇಲೆ ಘಮಘಮಿಸುವ ದಂಡಿ!

“ಇದು ಎಲ್ಲೀದು?” ಎಂದು ತೊದಲಿದೆ.

“ನಿನ್ನೆನ ಇನ್ನೊಂದು ಹೇಳಿಟ್ಟಿದ್ದೆ” ಎಂದಳು ಗಿರಿಜಾ. “ನಿಮ್ಮ ಜೋಡಿ ಸಂಸಾರ ಮಾಡಿ ಇಷ್ಟೂ ಗೊತ್ತಾಗೂದಿಲ್ಲೇನ್ರಿ ನನಗ?”

ವಿದ್ಯಾ ನಗುತ್ತ ಹೊಟ್ಟೆ ಹಿಡಿದುಕೊಂಡಳು. “ಅಪ್ಪಾ, ಸಾಕು, ನಗಸಬ್ಯಾಡೋ... ಒಳಗ ಕೂಸೂ ಒದಿಯಾಕತ್ತೇತಿ!” ಎಂದು ನನ್ನ ಕೆಸರು ಕೈ ಎಳೆದು ಪಕ್ಕದಲ್ಲೇ ಕೂಡಿಸಿಕೊಂಡಳು. ಗಿರಿಜಾ ಬೈಯುತ್ತಲೇ ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದಳು. ಅಳಿಯ ಮೆಲ್ಲಗೆ ಕೇಳಿದ: “ಸ್ಕೂಟರ್ ಎಲ್ಲೈತ್ರಿ ಮಾಮಾರ?” ನಾನೂ ಬೀಗರೂ ಮುಖ ಮುಖ ನೋಡಿಕೊಂಡೆವು. “ಒಂದ ಮರದ ಬುಡಕ ಐತಿ” ಎಂದೆ, ಸಾಧ್ಯವಾದಷ್ಟು ಖಚಿತವಾಗಿ.

ಹೋಳಿಗೆಯ ಊಟವಾಯಿತು. ಉಣ್ಣುತ್ತಲೇ ಬೀಗರು ಅಡವಿಯ ಕಥೆಯನ್ನೆಲ್ಲ ಪಂಕ್ತಿಗೆ ಹೇಳಿಬಿಟ್ಟಿದ್ದರು. ಕೈ ತೊಳೆಯಲು ಎದ್ದೆ.

“ಬಚ್ಚಲಾ ಎಡಕ್ಕ ಐತಿ” ಎಂದಳು ಗಿರಿಜಾ, ಪಂಕ್ತಿಗೆಲ್ಲ ಕೇಳುವಂತೆ. “ಬೀಗರ ಕಣ್ಣು ನೋಡಕೋತ ಹೋಗಬ್ಯಾಡ್ರಿ!”

ನಾನು ಯಾರ ಕಡೆಗೂ ನೋಡದೆ, ತಲೆಯೆತ್ತಿ, ಗಂಭೀರವಾಗಿ ನಡೆದೆ. ಬಾಗಿಲು ನೂಕಿದೆ.

ಅದು ಅಡುಗೆಮನೆ.